ಮೊದಲ ಗುಂಡು ಯಾರದು?

ಗಡಿಯ ಮಾತು: ಓದುಗರ ಪ್ರಶ್ನೆ, ನಿವೃತ್ತ ಸುಬೇದಾರರ ಉತ್ತರ

ಕಳೆದ ಸಂಚಿಕೆಯಲ್ಲಿ ಅರ್ಮೇನಿಯಾ ಮತ್ತು ಅಜರ್‌ಬೈಜಾನ್ ಗಡಿಯ ಬಗ್ಗೆ ನಾನು ಬರೆದದ್ದು ನಾಲ್ಕೇ ಸಾಲು. ಅದಕ್ಕೆ ಬಂದ ಪತ್ರಗಳು ಒಂದು ಚೀಲ ತುಂಬುವಷ್ಟು. ಹಾಗಾಗಿ ಈ ಬಾರಿಯ ಅಂಕಣ ಪೂರ್ತಿ ಆ ಗಡಿಗೇ ಮೀಸಲು. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಸೇನೆಯ ಫಿರಂಗಿ ದಳದಲ್ಲಿ 26 ವರ್ಷ ದುಡಿದೆ. ಅದರಲ್ಲಿ ಮೂರು ವರ್ಷ ಪೂಂಛ್ ಕಡೆಯ ನಿಯಂತ್ರಣ ರೇಖೆಯಲ್ಲಿದ್ದೆ, 2003ರ ಕದನ ವಿರಾಮಕ್ಕೆ ಮೊದಲು. ಆ ಎರಡು ದೇಶಗಳಿರುವ ಕಾಕಸಸ್ ಪರ್ವತಗಳನ್ನು ಕಣ್ಣಾರೆ ಕಂಡವನಲ್ಲ. ಆದರೆ ಎದುರುಬದುರು ಕಂದಕಗಳಲ್ಲಿ ಕುಳಿತ ಎರಡು ಸೇನೆಗಳ ನಡುವೆ ರಾತ್ರಿ ಹೇಗಿರುತ್ತದೆ ಎಂಬುದು ನನಗೆ ಗೊತ್ತು.

ಪ್ರಶ್ನೆ: ಅಲ್ಲಿ ಗುಂಡು ಹಾರಿದಾಗಲೆಲ್ಲ ಎರಡೂ ದೇಶಗಳ ರಕ್ಷಣಾ ಸಚಿವಾಲಯಗಳು "ಎದುರಿನವರೇ ಕದನ ವಿರಾಮ ಮುರಿದರು" ಎಂದು ಹೇಳಿಕೆ ಕೊಡುತ್ತವೆ. ಯಾರು ಹೊಡೆದರು ಎಂಬ ಸತ್ಯ ತಿಳಿಯಲು ದಾರಿಯೇ ಇಲ್ಲವೇ? (ಪದವಿ ವಿದ್ಯಾರ್ಥಿನಿ, ಶಿರಸಿ)

ದಾರಿ ಇದೆ ಮಗಳೇ. ಅದು ನನ್ನ ಕಸುಬೇ ಆಗಿತ್ತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಶೆಲ್ ಬಿದ್ದ ಜಾಗದಲ್ಲಿ ಒಂದು ಗುಳಿ ಉಳಿಯುತ್ತದೆ. ನೋಡಿದವರಿಗೆ ಅದು ಬರೀ ಕೆದರಿದ ಮಣ್ಣು, ನಮಗೆ ಅದೊಂದು ಬರಹ. ದೂರದ ಫಿರಂಗಿಯಿಂದ ಓರೆಯಾಗಿ ಬಂದ ಶೆಲ್ ನೆಲ ಮುಟ್ಟಿದೊಡನೆ ಸಿಡಿದರೆ ಮಣ್ಣು ಎಡಕ್ಕೂ ಬಲಕ್ಕೂ ಹಕ್ಕಿಯ ರೆಕ್ಕೆಗಳ ಹಾಗೆ ಹರಡಿಕೊಳ್ಳುತ್ತದೆ. ನಡುವೆ ಅದರ ಮೂತಿ ಉತ್ತುಕೊಂಡು ಹೋದ ಸಣ್ಣ ಸಾಲು ಕಾಣುತ್ತದೆ. ಆ ಸಾಲಿನಲ್ಲಿ ಒಂದು ಕೋಲು ಮಲಗಿಸಿ, ಹಿಂದೆ ನಿಂತು, ದಿಕ್ಸೂಚಿ ಹಿಡಿದರೆ ಶೆಲ್ ಬಂದ ದಿಕ್ಕು ಸಿಗುತ್ತದೆ. ಮಾರ್ಟರ್ ಎಂಬ ಗಿಡ್ಡ ಕೊಳವೆಯಿಂದ ಹಾರಿದ ಶೆಲ್ ಹಾಗಲ್ಲ, ಅದು ಮೇಲಿನಿಂದ ಕಡಿದಾಗಿ ಇಳಿಯುತ್ತದೆ. ಅದು ಬಂದ ಕಡೆಯ ಅಂಚಿನಲ್ಲಿ ಹುಲ್ಲು ಬೋಳಿಸಿದ ಹಾಗೆ ಹೋಗಿರುತ್ತದೆ, ಚೂರುಗಳು ಗೀರಿದ ಗೆರೆಗಳಿರುತ್ತವೆ. ಎದುರು ಅಂಚಿನಲ್ಲಿ ಮಣ್ಣು ಒಳಗೆ ಕೊರೆದಿರುತ್ತದೆ. ಗುಳಿಯ ತಳದಲ್ಲಿ ಎಷ್ಟೋ ಸಲ ಬಾಲದ ರೆಕ್ಕೆಯೇ ಸಿಗುತ್ತದೆ. ಅದರ ಅಳತೆ ನೋಡಿದರೆ ಯಾವ ಮಾರ್ಟರ್ ಎಂದು ಗೊತ್ತಾಗುತ್ತದೆ. ಅದು ಎಷ್ಟು ದೂರ ಹಾರಬಲ್ಲದು ಎಂಬುದು ನಮಗೆ ಬಾಯಿಪಾಠ.

ಹೀಗೆ ಎರಡು ಮೂರು ಗುಳಿಗಳಿಂದ ಗೆರೆ ಎಳೆದಾಗ ಅವು ನಕ್ಷೆಯ ಮೇಲೆ ಒಂದೆಡೆ ಕೂಡುತ್ತವೆ. ಒಮ್ಮೆ ಒಂದು ಮೆಕ್ಕೆಜೋಳದ ಹೊಲದಲ್ಲಿ ನಾನು ಮಂಡಿಯೂರಿ ಕೋನ ಅಳೆಯುತ್ತಿದ್ದಾಗ ಚೂರುಗಳಿನ್ನೂ ಬಿಸಿಯಾಗಿದ್ದವು. ಕರವಸ್ತ್ರದಲ್ಲಿ ಎತ್ತಿಕೊಂಡೆ, ಬಟ್ಟೆ ಸುಟ್ಟು ಕಂದಾಯಿತು. ಆ ಕರವಸ್ತ್ರ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ.

ಬಂದೂಕಿನ ಗುಂಡಿಗೂ ಲೆಕ್ಕವಿದೆ. ಕಿಟಕಿಯ ಹಲಗೆಯಲ್ಲಿ ಒಂದು ತೂತು, ಎದುರು ಗೋಡೆಯಲ್ಲಿ ಇನ್ನೊಂದು. ಎರಡರ ನಡುವೆ ದಾರ ಬಿಗಿದರೆ ಅದು ಗುಂಡು ಬಂದ ಕಡೆಗೆ ಬೆರಳು ತೋರಿಸುತ್ತದೆ.

ಆದರೆ "ಯಾರು ಹೊಡೆದರು" ಎಂಬುದು ಒಂದು ಪ್ರಶ್ನೆ, "ಯಾರು ಮೊದಲು ಹೊಡೆದರು" ಎಂಬುದು ಇನ್ನೊಂದು. ಗುಳಿ ದಿಕ್ಕು ಹೇಳುತ್ತದೆ, ಹೊತ್ತು ಹೇಳುವುದಿಲ್ಲ. ಹೊತ್ತು ತಿಳಿಯಬೇಕಾದರೆ ಹಗಲೂ ರಾತ್ರಿಯೂ ಕಿವಿಗೊಟ್ಟು ಕುಳಿತ ಯಂತ್ರಗಳು ಬೇಕು, ಎರಡೂ ಕಡೆಯವರ ಹಂಗಿಲ್ಲದ ಜನ ಬೇಕು. ಈ ಎರಡು ದೇಶಗಳು ಕಾದಾಡಿದ ಕರಾಬಾಖ್ ಪ್ರದೇಶದ ಮುಂಚೂಣಿಯಲ್ಲಿ ಆ ಜನ ಎಷ್ಟಿದ್ದರು ಗೊತ್ತೇ? 1994ರ ಮೇ 12ರಂದು ಕದನ ವಿರಾಮ ಜಾರಿಯಾದ ಮೇಲೆ 200 ಕಿ.ಮೀ.ಗೂ ಉದ್ದದ ಆ ರೇಖೆಯನ್ನು ನೋಡಿಕೊಳ್ಳಲು ಯೂರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆ ಇಟ್ಟದ್ದು ಪೋಲೆಂಡಿನ ರಾಜತಾಂತ್ರಿಕ ಆಂಜೇ ಕಾಸ್‌ಪ್ರಶಿಕ್ ಅವರ ತಂಡವನ್ನು, ಅಂದರೆ ಸುಮಾರು ಆರು ಜನರನ್ನು. ಅವರು ಬರುವ ದಿನ, ಬರುವ ಜಾಗ ಎರಡೂ ಸೇನೆಗಳಿಗೆ ಮೊದಲೇ ತಿಳಿದಿರುತ್ತಿತ್ತು. ಅವರು ಬಂದಾಗ ಸಾಮಾನ್ಯವಾಗಿ ಬಂದೂಕುಗಳು ಸುಮ್ಮನಿರುತ್ತಿದ್ದವು. ತನಿಖೆ ಮಾಡುವ ಅಧಿಕಾರ ಅವರಿಗೆ ಇರಲಿಲ್ಲ. ಆರು ಜನರನ್ನು ನಾನು ದೂರುವುದಿಲ್ಲ, ಗುಂಡು ಹಾರುವ ಜಾಗಕ್ಕೆ ನಿರಾಯುಧರಾಗಿ ಹೋಗುವುದಕ್ಕೆ ಗುಂಡಿಗೆ ಬೇಕು. ಅಷ್ಟು ಕಡಿಮೆ ಕೊಟ್ಟು ಅದಕ್ಕೆ ಮೇಲ್ವಿಚಾರಣೆ ಎಂದು ಹೆಸರಿಟ್ಟವರ ಮೇಲೆ ನನಗೆ ಸಿಟ್ಟಿದೆ.

2016ರ ಏಪ್ರಿಲ್‌ನಲ್ಲಿ ನಾಲ್ಕು ದಿನಗಳ ಯುದ್ಧವಾಯಿತು. ಅದರ ಬಳಿಕ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ, ಜೂನ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮಾತುಕತೆ ನಡೆದು, ಘಟನೆಗಳನ್ನು ತನಿಖೆ ಮಾಡುವ ವ್ಯವಸ್ಥೆ ತರಬೇಕು, ಆ ತಂಡವನ್ನು ಹಿಗ್ಗಿಸಬೇಕು ಎಂಬ ಒಪ್ಪಂದವೂ ಆಯಿತು. ಅದು ಕಾಗದದಲ್ಲೇ ಉಳಿಯಿತು. ಮರುವರ್ಷ ಜುಲೈನಲ್ಲಿ ಫುಜುಲಿ ಜಿಲ್ಲೆಯ ಅಲ್ಖಾನ್ಲಿ ಎಂಬ ಅಜರ್‌ಬೈಜಾನಿ ಹಳ್ಳಿಯ ಮೇಲೆ ಶೆಲ್ ಬಿದ್ದು ಒಬ್ಬ ಅಜ್ಜಿಯೂ ಅವರ ಎರಡು ವರ್ಷದ ಮೊಮ್ಮಗಳೂ ಸತ್ತರು. ಅದಕ್ಕೆ ಹಿಂದಿನ ವರ್ಷದ ಯುದ್ಧದಲ್ಲಿ ತಾಲಿಷ್ ಎಂಬ ಅರ್ಮೇನಿಯನ್ ಹಳ್ಳಿಯಲ್ಲಿ ಮನೆ ಬಿಟ್ಟು ಹೋಗಲಾಗದ ವೃದ್ಧರು ಕೊಲೆಯಾಗಿದ್ದರು. ಎರಡೂ ಕಡೆ ಎದೆ ಬಡಿದುಕೊಂಡು ಅತ್ತರು, ಎರಡೂ ಕಡೆಯ ವಕ್ತಾರರು ತಮ್ಮ ತಮ್ಮ ಹೇಳಿಕೆ ಓದಿದರು. ಪಕ್ಷಪಾತವಿಲ್ಲದ ಒಬ್ಬನೇ ಒಬ್ಬ ಮನುಷ್ಯ ದಿಕ್ಸೂಚಿ ಹಿಡಿದು ಆ ಗುಳಿಗಳ ಮುಂದೆ ಕೂರುವ ಏರ್ಪಾಡು ಇದ್ದಿದ್ದರೆ ಮುಂದಿನ ಶೆಲ್ ಹಾರಿಸುವವನ ಕೈ ಕ್ಷಣ ತಡೆಯುತ್ತಿತ್ತು ಎಂದು ನಾನು ನಂಬುತ್ತೇನೆ.

ಪ್ರಶ್ನೆ: ಜಗಳದ ಮೂಲ ಏನು? ಚಿಕ್ಕದಾಗಿ ತಿಳಿಸಿ. ತರಗತಿಯಲ್ಲಿ ಹೇಳಬೇಕಾಗಿದೆ. (ಪ್ರೌಢಶಾಲಾ ಶಿಕ್ಷಕರು, ಬಳ್ಳಾರಿ)

ಮೇಷ್ಟ್ರೇ, ಚಿಕ್ಕದಾಗಿ ಹೇಳಿದರೆ ಒಂದಲ್ಲ ಒಂದು ಕಡೆಗೆ ಅನ್ಯಾಯವಾಗುತ್ತದೆ. ಆದರೂ ಪ್ರಯತ್ನಿಸುತ್ತೇನೆ.

ನಾಗೋರ್ನೊ-ಕರಾಬಾಖ್ ಗುಡ್ಡಗಾಡಿನ ಪ್ರದೇಶ. ಅಲ್ಲಿ ಹೆಚ್ಚಿನವರು ಅರ್ಮೇನಿಯನ್ನರಾಗಿದ್ದರು. 1923ರಲ್ಲಿ ಸೋವಿಯತ್ ಸರ್ಕಾರ ಅದನ್ನು ಸ್ವಾಯತ್ತ ಪ್ರಾಂತ್ಯವಾಗಿ ಮಾಡಿ ಅಜರ್‌ಬೈಜಾನ್ ಗಣರಾಜ್ಯದೊಳಗೆ ಇಟ್ಟಿತು. 1988ರ ಫೆಬ್ರುವರಿಯಲ್ಲಿ ಅಲ್ಲಿನ ಪ್ರಾಂತೀಯ ಮಂಡಲಿ ತಮ್ಮನ್ನು ಅರ್ಮೇನಿಯಾಕ್ಕೆ ಸೇರಿಸಬೇಕೆಂದು ನಿರ್ಣಯ ಮಾಡಿತು. ಅದೇ ತಿಂಗಳ ಕೊನೆಗೆ ಅಜರ್‌ಬೈಜಾನ್‌ನ ಸುಮ್ಗಾಯಿತ್ ನಗರದಲ್ಲಿ ಅರ್ಮೇನಿಯನ್ನರ ಮೇಲೆ ಗುಂಪು ದಾಳಿಯಾಯಿತು. ಅಲ್ಲಿಂದ ಅರ್ಮೇನಿಯಾದ ಅಜರ್‌ಬೈಜಾನಿಗಳು ಅತ್ತ, ಅಜರ್‌ಬೈಜಾನ್‌ನ ಅರ್ಮೇನಿಯನ್ನರು ಇತ್ತ ಮನೆಮಠ ಬಿಟ್ಟು ಓಡತೊಡಗಿದರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅದು ಬಹಿರಂಗ ಯುದ್ಧವಾಯಿತು. 1992ರ ಫೆಬ್ರುವರಿಯಲ್ಲಿ ಕರಾಬಾಖ್‌ನ ಖೋಜಾಲಿ ಊರಿನಿಂದ ಓಡಿಹೋಗುತ್ತಿದ್ದ ನೂರಾರು ಅಜರ್‌ಬೈಜಾನಿ ನಾಗರಿಕರು ಕೊಲ್ಲಲ್ಪಟ್ಟರು. 1993ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 822, 853, 874, 884 ಎಂಬ ನಾಲ್ಕು ನಿರ್ಣಯಗಳನ್ನು ಮಾಡಿತು. ಯಾವುದೂ ನೆಲದ ಮೇಲೆ ಇಳಿಯಲಿಲ್ಲ. 1994ಕ್ಕೆ ಗುಂಡು ನಿಂತಾಗ ಸತ್ತವರು ಸುಮಾರು 30,000. ಕರಾಬಾಖ್ ಮಾತ್ರವಲ್ಲ, ಸುತ್ತಲಿನ ಏಳು ಜಿಲ್ಲೆಗಳ ನೆಲವೂ ಪೂರ್ತಿಯಾಗಿಯೋ ಭಾಗಶಃವೋ ಅರ್ಮೇನಿಯನ್ನರ ಹಿಡಿತದಲ್ಲಿತ್ತು.

ಮಕ್ಕಳಿಗೆ ಒಂದು ಚಿತ್ರ ತೋರಿಸುವುದಾದರೆ ಇದನ್ನು ಹೇಳಿ: ಆ ಜಿಲ್ಲೆಗಳಿಂದ ಓಡಿಬಂದ ಅಜರ್‌ಬೈಜಾನಿ ಕುಟುಂಬಗಳಲ್ಲಿ ಕೆಲವು ಹಳಿಯ ಮೇಲೆ ನಿಂತ ಸರಕು ರೈಲಿನ ಡಬ್ಬಿಗಳಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದವು. ಜೊತೆಗೆ 2023ರ ಸೆಪ್ಟೆಂಬರ್‌ನ ಚಿತ್ರವನ್ನೂ ತೋರಿಸಿ: ಅಜರ್‌ಬೈಜಾನ್ ದಾಳಿಯ ಬಳಿಕ ಕರಾಬಾಖ್‌ನ 1,00,000ಕ್ಕೂ ಹೆಚ್ಚು ಅರ್ಮೇನಿಯನ್ನರು ಒಂದು ವಾರದೊಳಗೆ ಅರ್ಮೇನಿಯಾದ ಕಡೆಗೆ ಹೋಗುವ ಲಾಚಿನ್ ರಸ್ತೆಯಲ್ಲಿ ಕಾರು, ಟ್ರಕ್ಕು, ಟ್ರ್ಯಾಕ್ಟರುಗಳಲ್ಲಿ ಹಾಸಿಗೆ ಹೇರಿಕೊಂಡು ಹೊರಬಿದ್ದರು. ಎರಡೂ ಚಿತ್ರ ಒಟ್ಟಿಗೆ ಇಡದ ಪಾಠ ಪಾಠವಲ್ಲ.

ಪ್ರಶ್ನೆ: 2020ರ ಯುದ್ಧದಲ್ಲಿ ಕದನ ವಿರಾಮ ಮೂರು ಸಲ ಮುರಿದದ್ದೇಕೆ? (ವಕೀಲರು, ದಾವಣಗೆರೆ)

ಗೆಲ್ಲುತ್ತಿದ್ದ ಅಜರ್‌ಬೈಜಾನ್‌ಗೆ ನಿಲ್ಲಿಸುವ ಕಾರಣವಿರಲಿಲ್ಲ. ನಿಲ್ಲಿಸುವಂತೆ ನೋಡಿಕೊಳ್ಳುವವರು ಮೈದಾನದಲ್ಲಿ ಇರಲಿಲ್ಲ. ಯುದ್ಧ ಶುರುವಾದದ್ದು ಸೆಪ್ಟೆಂಬರ್ 27ಕ್ಕೆ. ಅಕ್ಟೋಬರ್ 10ರಂದು ಮಾಸ್ಕೋದಲ್ಲಿ ರಷ್ಯಾ, 18ರಂದು ಫ್ರಾನ್ಸ್, 26ರಂದು ಅಮೆರಿಕ ಮಾಡಿಸಿದ ವಿರಾಮಗಳು ಶುರುವಾದ ಸ್ವಲ್ಪ ಹೊತ್ತಿನಲ್ಲೇ ಪರಸ್ಪರ ಆರೋಪದಲ್ಲಿ ಮುಗಿದುಹೋದವು. ಟರ್ಕಿಯ ಬೈರಕ್ತಾರ್ ಮತ್ತು ಇಸ್ರೇಲಿನ ಹಾರೊಪ್ ಡ್ರೋನ್‌ಗಳು ಅರ್ಮೇನಿಯನ್ನರ ಟ್ಯಾಂಕು, ಫಿರಂಗಿಗಳನ್ನು ಒಂದೊಂದಾಗಿ ಹೆಕ್ಕಿ ಹೊಡೆದವು. ಫಿರಂಗಿ ದಳದವನಾಗಿ ಆ ವಿಡಿಯೊಗಳನ್ನು ನಾನು ಪೂರ್ತಿ ನೋಡಲಾರದೆ ಹೋದೆ. ತಲೆಯೆತ್ತಿ ಆಕಾಶ ನೋಡುವಷ್ಟರಲ್ಲಿ ಬದುಕು ಮುಗಿಯುವ ಹುಡುಗರು ಅದರಲ್ಲಿದ್ದರು, ಹೆಚ್ಚಿನವರಿಗೆ ಇಪ್ಪತ್ತರ ಆಸುಪಾಸು. ಎರಡೂ ಕಡೆ ಸೇರಿ 44 ದಿನಗಳಲ್ಲಿ ಸತ್ತವರು ಸುಮಾರು 7,000. ಕರಾಬಾಖ್‌ನ ಶೂಶಾ ಊರು ಅರ್ಮೇನಿಯನ್ನರ ಕೈಬಿಟ್ಟ ಮೇಲೆ, ನವೆಂಬರ್ 10ಕ್ಕೆ ಬಂದ ನಾಲ್ಕನೆಯ ವಿರಾಮ ಮುರಿಯದೆ ಉಳಿಯಿತು. ಅದರ ಜೊತೆ ರಷ್ಯಾದ ಸುಮಾರು 2,000 ಶಾಂತಿಪಾಲಕರು ನೆಲಕ್ಕಿಳಿದಿದ್ದರು ಎಂಬುದನ್ನು ಮರೆಯಬೇಡಿ. ಮೂರು ವರ್ಷಗಳ ಬಳಿಕ, 2023ರ ಸೆಪ್ಟೆಂಬರ್ 19ರಂದು ಅಜರ್‌ಬೈಜಾನ್ ಮತ್ತೆ ದಾಳಿ ಮಾಡಿದಾಗ ಅದೇ ಶಾಂತಿಪಾಲಕರು ತಡೆಯಲಿಲ್ಲ. ಒಂದೇ ದಿನದಲ್ಲಿ ಎಲ್ಲ ಮುಗಿಯಿತು.

ಪ್ರಶ್ನೆ: ನಿಮ್ಮ ಬರಹದಲ್ಲಿ ಶೂಶಾ ಎನ್ನುತ್ತೀರಿ, ಬೇರೆಡೆ ಶೂಶಿ ಎಂದಿರುತ್ತದೆ. ಯಾವುದು ಸರಿ? (ಗ್ರಂಥಪಾಲಕಿ, ಬೆಳಗಾವಿ)

ಅಜರ್‌ಬೈಜಾನಿಗಳಿಗೆ ಶೂಶಾ, ಅರ್ಮೇನಿಯನ್ನರಿಗೆ ಶೂಶಿ. ಪಕ್ಕದ ಊರು ಒಬ್ಬರಿಗೆ ಖಾನ್‌ಕೆಂದಿ, ಇನ್ನೊಬ್ಬರಿಗೆ ಸ್ತೆಪಾನಕರ್ತ್. ಎರಡೂ ಜನ ಅಲ್ಲಿ ಬಾಳಿದ್ದಾರೆ, ಎರಡೂ ಜನ ಅಲ್ಲಿಂದ ಹೊರದಬ್ಬಿಸಿಕೊಂಡಿದ್ದಾರೆ. ಈಗ ಆ ಊರು ಯಾರ ಆಡಳಿತದಲ್ಲಿದೆಯೋ ಅವರ ಹೆಸರು ಬಳಸಿದೆ ಅಷ್ಟೆ. ಇನ್ನು ಮುಂದೆ ಮೊದಲ ಸಲ ಬರೆಯುವಾಗ ಎರಡನ್ನೂ ಬರೆಯುತ್ತೇನೆ. ತಿದ್ದಿದ್ದಕ್ಕೆ ವಂದನೆ.

ಪ್ರಶ್ನೆ: ನನ್ನ ಮಗ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ವೈದ್ಯಕೀಯ ಮೂರನೆಯ ವರ್ಷ ಓದುತ್ತಿದ್ದಾನೆ. ಸುದ್ದಿ ಬಂದಾಗಲೆಲ್ಲ ನಿದ್ದೆ ಬರುವುದಿಲ್ಲ. ವಾಪಸು ಕರೆಸಿಕೊಳ್ಳಲೇ? (ತಾಯಿ, ಕಲಬುರಗಿ)

ತಾಯಿ, ನೀವು ಬರೆದ ಪತ್ರವನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ನಾನು ಪೂಂಛ್‌ನಲ್ಲಿದ್ದ ವರ್ಷಗಳಲ್ಲಿ ಅವಳೂ ರೇಡಿಯೊ ವಾರ್ತೆ ಮುಗಿಯುವವರೆಗೆ ಊಟಕ್ಕೆ ಕೂರುತ್ತಿರಲಿಲ್ಲ.

ಕರೆಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಭಾರತದ ಎಷ್ಟೋ ಮಕ್ಕಳು ಅಲ್ಲಿ ವೈದ್ಯಕೀಯ ಓದುತ್ತಿದ್ದಾರೆ. 2020ರ ಯುದ್ಧದ ಮುಖ್ಯ ಕದನಗಳು ಕರಾಬಾಖ್ ಸುತ್ತ ನಡೆದವು, ಯೆರೆವಾನ್ ಬೀದಿಗಳಲ್ಲಿ ಅಲ್ಲ. ಆದರೆ ಮಗನಿಗೆ ಕೆಲವು ಮಾತು ಕಡ್ಡಾಯವಾಗಿ ಹೇಳಿ. ಯೆರೆವಾನ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ ಅವನ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ದಾಖಲಾಗಿರಲಿ. ರಜೆಯಲ್ಲಿ ಗೆಳೆಯರು ಗುಡ್ಡ, ಜಲಪಾತ ಎಂದು ಹೊರಟಾಗ ಎಲ್ಲಿಗೆ ಎಂದು ಕೇಳಬೇಕು. ಜೆರ್ಮುಕ್ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಚೆಂದದ ಊರು. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿಗೂ ಶೆಲ್ ಬಂತು. ಆ ಎರಡು ದಿನಗಳ ಕದನದಲ್ಲಿ ಎರಡೂ ಕಡೆ ಸೇರಿ ಸುಮಾರು 300 ಮಂದಿ ಸತ್ತರು. ಗಡಿಗೆ ಒತ್ತಿಕೊಂಡ ತವುಷ್ ಮತ್ತು ಸ್ಯೂನಿಕ್ ಪ್ರಾಂತ್ಯಗಳ ಹಳ್ಳಿಗಳ ಕಡೆಗೆ, ರಸ್ತೆ ಬಿಟ್ಟು ಹೊಲಗಳ ಒಳಗೆ, ಸೈನಿಕರ ಚಿತ್ರ ತೆಗೆಯಲು ಹೋಗಲೇಬಾರದು. ನೆಲಬಾಂಬು ಕಣ್ಣಿಗೆ ಕಾಣುವುದಿಲ್ಲ. ಗಡಿಯಾಚೆ ಅಜರ್‌ಬೈಜಾನ್ ಮರಳಿ ಪಡೆದ ಜಿಲ್ಲೆಗಳಲ್ಲಿ 2020ರ ಬಳಿಕ 300ಕ್ಕೂ ಹೆಚ್ಚು ಜನ ನೆಲಬಾಂಬಿನಿಂದ ಸತ್ತಿದ್ದಾರೆ ಅಥವಾ ಗಾಯಗೊಂಡಿದ್ದಾರೆ. ಅವರಲ್ಲಿ ಹಳೆಯ ಮನೆ ನೋಡಲು ಹೋದವರೂ ಇದ್ದರು.

ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಕರೆ ಮಾಡಲು ಹೇಳಿ. ಹೊತ್ತು ಗೊತ್ತಿದ್ದರೆ ಉಳಿದ ಆರು ದಿನ ಸ್ವಲ್ಪ ಹಗುರಾಗುತ್ತವೆ.

ಪ್ರಶ್ನೆ: ನಾವು ಅರ್ಮೇನಿಯಾಕ್ಕೆ ಶಸ್ತ್ರ ಮಾರುತ್ತಿದ್ದೇವೆ, ಟರ್ಕಿ ಮತ್ತು ಪಾಕಿಸ್ತಾನ ಅಜರ್‌ಬೈಜಾನ್ ಬೆನ್ನಿಗಿವೆ. ನಮಗೇಕೆ ಈ ಉಸಾಬರಿ? (ನಿವೃತ್ತ ಬ್ಯಾಂಕ್ ನೌಕರರು, ಮೈಸೂರು)

ಸ್ವಾಮಿ, ಈ ಪ್ರಶ್ನೆಯಲ್ಲಿ ಬೆಂಗಳೂರೂ ಇದೆ ಎಂಬುದು ನಿಮಗೆ ಗೊತ್ತಿರಲಿ. ಅರ್ಮೇನಿಯಾ ನಮ್ಮಿಂದ ಮೊದಲು ಕೊಂಡ ದೊಡ್ಡ ಉಪಕರಣಗಳಲ್ಲಿ 'ಸ್ವಾತಿ' ರಾಡಾರ್ ಒಂದು. 2020ರಲ್ಲಿ ವರದಿಯಾದಂತೆ ನಾಲ್ಕು ರಾಡಾರ್, ಸುಮಾರು 4 ಕೋಟಿ ಡಾಲರ್. ಅದನ್ನು ರೂಪಿಸಿದ್ದು ಬೆಂಗಳೂರಿನಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ, ತಯಾರಿಸಿದ್ದು ಭಾರತ್ ಎಲೆಕ್ಟ್ರಾನಿಕ್ಸ್. ಆಮೇಲೆ ಪಿನಾಕ ರಾಕೆಟ್ ವ್ಯವಸ್ಥೆ, ಆಕಾಶ್ ಕ್ಷಿಪಣಿ ಹೋದವು.

ಸ್ವಾತಿ ಮಾಡುವ ಕೆಲಸ, ಮೇಲೆ ಶಿರಸಿಯ ಹುಡುಗಿಗೆ ಹೇಳಿದೆನಲ್ಲ, ಅದೇ. ಶೆಲ್ ಗಾಳಿಯಲ್ಲಿರುವಾಗಲೇ ಅದರ ದಾರಿಯನ್ನು ಹಿಡಿದು, ಹಿಂದಕ್ಕೆ ಲೆಕ್ಕ ಹಾಕಿ, ಹಾರಿಸಿದ ಫಿರಂಗಿ ಎಲ್ಲಿದೆ ಎಂದು ಕೆಲವೇ ಕ್ಷಣಗಳಲ್ಲಿ ತೋರಿಸುತ್ತದೆ. ನಾನು ಮಂಡಿಯೂರಿ ಅರ್ಧ ಗಂಟೆ ಮಾಡುತ್ತಿದ್ದ ಕೆಲಸ. ಗುಳಿ ಹೇಳದ ಹೊತ್ತನ್ನೂ ಅದು ಬರೆದಿಡಬಲ್ಲದು. ಸೇನೆ ಅದನ್ನು ಕೊಳ್ಳುವುದು ತಿರುಗಿ ಹೊಡೆಯಲಿಕ್ಕೆ, ನ್ಯಾಯ ಹೇಳಲಿಕ್ಕಲ್ಲ. ಆದರೆ ಇಂಥದ್ದೇ ಒಂದು ರಾಡಾರ್ ಎರಡೂ ದೇಶಗಳು ಒಪ್ಪಿದ ಮೂರನೆಯವರ ಕೈಯಲ್ಲಿದ್ದರೆ "ನಾವಲ್ಲ, ಅವರು" ಎಂಬ ಹೇಳಿಕೆಗಳು ಅಷ್ಟು ಸಲೀಸಾಗಿ ಹೊರಡುತ್ತಿರಲಿಲ್ಲ.

ಉಸಾಬರಿಯ ವಿಷಯ: ಶಸ್ತ್ರ ಮಾರುವವರಲ್ಲಿ ನಾವು ಒಬ್ಬರೇ ಅಲ್ಲ. ರಷ್ಯಾ ಮಧ್ಯಸ್ಥನ ಕುರ್ಚಿಯಲ್ಲಿ ಕುಳಿತು ಎರಡೂ ದೇಶಗಳಿಗೆ ಮಾರಿತು. ಇನ್ನೊಂದು ಕಡೆ, ನಮ್ಮ ಒಎನ್‌ಜಿಸಿ ವಿದೇಶ್ ಸಂಸ್ಥೆಗೆ ಅಜರ್‌ಬೈಜಾನ್‌ನ ಕ್ಯಾಸ್ಪಿಯನ್ ತೈಲ ನಿಕ್ಷೇಪದಲ್ಲಿ ಪಾಲಿದೆ. ದಶಕಗಳ ಕಾಲ ಅರ್ಮೇನಿಯಾವನ್ನು ಮಾನ್ಯ ಮಾಡದಿದ್ದ ಪಾಕಿಸ್ತಾನವೇ 2025ರ ಆಗಸ್ಟ್ ಕೊನೆಗೆ ಅದರೊಂದಿಗೆ ರಾಜತಾಂತ್ರಿಕ ಸಂಬಂಧ ಸ್ಥಾಪಿಸಿತು. ಶತ್ರುವಿನ ಮಿತ್ರ ಶತ್ರು ಎಂಬ ಒಂದೇ ಸೂತ್ರ ಇಟ್ಟುಕೊಂಡು ಆ ಪ್ರದೇಶವನ್ನು ನೋಡುವುದು ಸಲ್ಲದು. ಅರ್ಮೇನಿಯಾಕ್ಕೆ ತನ್ನನ್ನು ಕಾಪಾಡಿಕೊಳ್ಳುವ ಹಕ್ಕಿದೆ, ಅದಕ್ಕೆ ನೆರವಾದದ್ದು ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ. ಅಜರ್‌ಬೈಜಾನ್‌ನ ರಾಜಧಾನಿ ಬಾಕುವಿನ ಸಾಮಾನ್ಯ ಮನುಷ್ಯನನ್ನು ದ್ವೇಷಿಸುವುದು ಆ ನೆರವಿನ ಭಾಗವಲ್ಲ.

ಪ್ರಶ್ನೆ: 2025ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಎಲ್ಲ ಇತ್ಯರ್ಥವಾಯಿತಲ್ಲವೇ? ಇನ್ನೂ ಗುಂಡು ಹಾರೀತೇ? (ವ್ಯಾಪಾರಿ, ಹುಬ್ಬಳ್ಳಿ)

ಎಲ್ಲ ಆಗಿಲ್ಲ, ಆದರೆ ಆದದ್ದು ಸಣ್ಣದಲ್ಲ. ಆಗಸ್ಟ್ 8ರಂದು ಅಜರ್‌ಬೈಜಾನ್ ಅಧ್ಯಕ್ಷ ಇಲ್ಹಾಮ್ ಅಲಿಯೆವ್ ಮತ್ತು ಅರ್ಮೇನಿಯಾದ ಪ್ರಧಾನಿ ನಿಕೋಲ್ ಪಶಿನ್ಯಾನ್ ಅವರ ಎದುರು ಇಬ್ಬರು ವಿದೇಶಾಂಗ ಸಚಿವರು 17 ವಿಧಿಗಳ ಶಾಂತಿ ಒಪ್ಪಂದದ ಪಠ್ಯಕ್ಕೆ ಚುಟುಕು ಸಹಿ ಹಾಕಿದರು. ಪೂರ್ಣ ಸಹಿಗೆ ಮೊದಲು ಅರ್ಮೇನಿಯಾದ ಸಂವಿಧಾನ ಬದಲಾಗಬೇಕು ಎಂಬುದು ಅಜರ್‌ಬೈಜಾನ್‌ನ ಷರತ್ತು. ಸಂವಿಧಾನದ ಪೀಠಿಕೆ 1990ರ ಸ್ವಾತಂತ್ರ್ಯ ಘೋಷಣೆಯನ್ನು ನೆನೆಯುತ್ತದೆ, ಆ ಘೋಷಣೆ ಕರಾಬಾಖ್ ಜೊತೆಗಿನ ಏಕೀಕರಣದ ನಿರ್ಣಯವನ್ನು ನೆನೆಯುತ್ತದೆ. ಗಂಟು ಅಲ್ಲಿದೆ. ಇಷ್ಟಾದರೂ ಅದೇ ವರ್ಷ ನವೆಂಬರ್‌ನಲ್ಲಿ ಅಜರ್‌ಬೈಜಾನ್‌ನ ಹಳಿಗಳ ಮೇಲೆ ಹಾದು ಬಂದ ಗೋಧಿಯ ರೈಲು ಜಾರ್ಜಿಯಾ ಮೂಲಕ ಅರ್ಮೇನಿಯಾ ಮುಟ್ಟಿತು. ಮೂವತ್ತು ವರ್ಷಗಳಿಂದ ಮುಚ್ಚಿದ್ದ ದಾರಿ ಅದು. ವ್ಯಾಪಾರಿಯಾದ ನಿಮಗೆ ಅದರ ಬೆಲೆ ನಾನು ಹೇಳಬೇಕಾಗಿಲ್ಲ.

ನನ್ನ ಕಳವಳ ಬೇರೆ. ಒಪ್ಪಂದದ ಏಳನೆಯ ವಿಧಿ ಗಡಿಯುದ್ದಕ್ಕೂ ಮೂರನೆಯ ದೇಶದ ಪಡೆಗಳು ಇರಬಾರದು ಎನ್ನುತ್ತದೆ. 2023ರ ಫೆಬ್ರುವರಿಯಿಂದ ಐರೋಪ್ಯ ಒಕ್ಕೂಟದ ನಿರಾಯುಧ ವೀಕ್ಷಕರು ಅರ್ಮೇನಿಯಾದ ಕಡೆ ಗಡಿಯಲ್ಲಿ ದುರ್ಬೀನು ಹಿಡಿದು ನಿಂತಿದ್ದಾರೆ. ಅಜರ್‌ಬೈಜಾನ್ ಅವರನ್ನು ಎಂದೂ ಒಪ್ಪಲಿಲ್ಲ. ಅವರೂ ಹೊರಟರೆ ಗುಳಿಯ ಮುಂದೆ ಕೂರುವವರು ಯಾರು? 2025ರ ಮಾರ್ಚ್ 13ರಂದು ಒಪ್ಪಂದದ ಪಠ್ಯ ಸಿದ್ಧವಾಯಿತು ಎಂದು ಎರಡೂ ದೇಶ ಹೇಳಿದವು. ವಾರ ಕಳೆಯುವ ಮೊದಲೇ ಅರ್ಮೇನಿಯಾ ಗುಂಡು ಹಾರಿಸಿತು ಎಂಬ ಹೇಳಿಕೆಗಳು ಬಾಕುವಿನಿಂದ ಸಾಲುಸಾಲಾಗಿ ಬಂದವು. ಯೆರೆವಾನ್ ಅಲ್ಲಗಳೆಯಿತು. ಸ್ಯೂನಿಕ್‌ನ ಖ್ನತ್ಸಾಖ್ ಹಳ್ಳಿಯ ಮನೆಗೆ ಗುಂಡು ಬಿದ್ದಿದೆ ಎಂದು ಅದೂ ದೂರಿತು. ಜಂಟಿ ತನಿಖಾ ವ್ಯವಸ್ಥೆ ಮಾಡೋಣ ಎಂದು ಅರ್ಮೇನಿಯಾ ಮುಂದಿಟ್ಟ ಪ್ರಸ್ತಾವ ಜಾರಿಗೆ ಬರಲಿಲ್ಲ. ದಾರ ಬಿಗಿದು ನೋಡಿದರೆ ಒಂದು ಬೆಳಗಿನಲ್ಲಿ ಮುಗಿಯುವ ಕೆಲಸಕ್ಕೆ ತಿಂಗಳುಗಟ್ಟಲೆ ಹೇಳಿಕೆಗಳ ಯುದ್ಧ.

ಒಂದು ಕಡೆ ಮಾತ್ರ ನನಗೆ ನಿಜವಾದ ಭರವಸೆ ಕಾಣುತ್ತದೆ. 2024ರ ಮೇ ತಿಂಗಳಲ್ಲಿ ತವುಷ್ ಪ್ರಾಂತ್ಯದ ಬಳಿ ಎರಡೂ ದೇಶಗಳ ಸರ್ವೇಯರುಗಳು 1976ರ ಸೋವಿಯತ್ ಸೇನಾ ನಕ್ಷೆ ಹಿಡಿದುಕೊಂಡು 12.7 ಕಿ.ಮೀ. ಗಡಿಯನ್ನು ಗುರುತಿಸಿ ಕಂಬ ನೆಟ್ಟರು. 1990ರ ದಶಕದ ಆರಂಭದಿಂದ ಅರ್ಮೇನಿಯಾದ ಹಿಡಿತದಲ್ಲಿದ್ದ ನಾಲ್ಕು ಹಳ್ಳಿಗಳ ನೆಲ ಅಜರ್‌ಬೈಜಾನ್‌ಗೆ ಮರಳಿತು. ಕಿರಾಂತ್ಸ್ ಎಂಬ ಅರ್ಮೇನಿಯನ್ ಹಳ್ಳಿಯಲ್ಲಿ ಗಡಿ ಮನೆಗಳ ಬದಿಗೇ ಬಂತು. ಅಲ್ಲಿನವರ ನೋವು, ಯೆರೆವಾನ್‌ವರೆಗೆ ನಡೆದುಹೋದ ಅವರ ಪ್ರತಿಭಟನೆ, ಎರಡೂ ನ್ಯಾಯವಾದದ್ದೇ. ಆದರೆ ಅಷ್ಟು ದೂರದಲ್ಲಿ ಸೇನೆಗಳು ಹಿಂದೆ ಸರಿದು ಎರಡೂ ಕಡೆ ಗಡಿ ಕಾವಲು ಪಡೆಯವರು ಬಂದು ನಿಂತರು. ಗಡಿ ಇಲ್ಲಿಯೇ ಎಂದು ಇಬ್ಬರೂ ಒಪ್ಪಿದ ಮೇಲೆ ಕತ್ತಲಲ್ಲಿ ಯಾರೋ ದಾಟಿದರು ಎಂದು ಗುಂಡು ಹಾರಿಸುವ ನೆಪ ಕಡಿಮೆಯಾಗುತ್ತದೆ.

ಆ ಎರಡು ದೇಶಗಳ ಒಟ್ಟು ಗಡಿ ಸುಮಾರು 1,000 ಕಿ.ಮೀ. ಅಂದು ಅಳೆದದ್ದು 12.7. ನಾನು ಹಳೆಯ ಸರ್ವೇ ಮನುಷ್ಯ, ಉಳಿದದ್ದನ್ನು ಅವರು ಅಳೆಯುವುದನ್ನು ನೋಡಲು ಇನ್ನೂ ಕೆಲವು ವರ್ಷ ಬದುಕಿರಬೇಕು ಎಂಬ ಆಸೆ ಇದೆ.